ಯಾರು ಮುಟ್ಟಿದ್ದರು?

ಮನೆಯೊಳಗೆ ಏನಾದರೂ ಒಡೆದ ಸಪ್ಪಳವಾದರೆ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? 'ಏನಾಯಿತು?' ಎನ್ನುವವರು ಕಡಿಮೆ. 'ಯಾರದು?' ಎನ್ನುವವರೇ ಹೆಚ್ಚು. ಕಪ್ಪು ಒಡೆದರೂ ಅಷ್ಟೆ, ಹಾಲು ಉಕ್ಕಿದರೂ ಅಷ್ಟೆ, ಹೊಸ ಸೀರೆಗೆ ಎಣ್ಣೆಯ ಕಲೆ ಹತ್ತಿದರೂ ಅಷ್ಟೆ. ನಾನೂ ಹಾಗೆ ಕೇಳುವವಳೇ. ಹಾಗೆ ಕೇಳಿ ಒಂದು ಹುಡುಗಿಯ ಮನಸ್ಸನ್ನು ನೋಯಿಸಿದೆ. ಅದಕ್ಕೆ ನೆಪವಾದದ್ದು ನನ್ನ ಮಗನ ಲ್ಯಾಪ್‌ಟಾಪ್.

ಇಂಜಿನಿಯರಿಂಗ್ ಓದುವ ಮಗ ಹಟ ಹಿಡಿದು ಕೊಡಿಸಿಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಅದು. 'ಓದಾಕ ಬೇಕವ್ವಾ' ಎಂದ. ಓದಿಗೆ ಅಷ್ಟು ಭಾರದ, ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ ಉರಿಯುವ ಯಂತ್ರ ಯಾಕೆ ಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೂ ಅದು ನಮ್ಮ ನವಲಗುಂದದ ಮನೆಗೆ ಬಂದು ಎಲ್ಲರ ಯಂತ್ರವಾಯಿತು. ನಾನೂ ಅದರಲ್ಲಿ ಒಂದು ಗಂಟು ಇಟ್ಟೆ. ನಮ್ಮವ್ವ ಎಂಬತ್ತು ದಾಟಿದ ಮೇಲೆ ಹಾಡಿದ ಬೀಸುವ ಪದಗಳನ್ನು ನನ್ನ ಫೋನಿನಲ್ಲಿ ಮುದ್ರಿಸಿಕೊಂಡಿದ್ದೆ. ಫೋನು ತುಂಬಿತೆಂದು ಅವನ್ನು ಲ್ಯಾಪ್‌ಟಾಪಿಗೆ ಹಾಕಿಸಿ ಫೋನಿನಿಂದ ಅಳಿಸಿದೆ. ಮರುವರ್ಷ ಅವ್ವ ತೀರಿಕೊಂಡಳು.

ಆಗ ನನ್ನ ತಮ್ಮನ ಮಗಳು ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಅಣ್ಣಿಗೇರಿಯ ಕಡೆಯ ಹಳ್ಳಿಯ ಹುಡುಗಿ. ಒಂದು ರಾತ್ರಿ ಕಾಲೇಜಿನ ಕೆಲಸಕ್ಕೆಂದು ಲ್ಯಾಪ್‌ಟಾಪ್ ಹಚ್ಚಿಕೊಂಡು ಕೂತಿದ್ದಳು. ಬೆಳಿಗ್ಗೆ ನೋಡಿದರೆ ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನ ಒಂದು ಸಾಲು. ಒಳಗಿನ ಎಸ್ಎಸ್‌ಡಿ, ಅಂದರೆ ಎಲ್ಲವನ್ನೂ ಕೂಡಿಡುವ ಬೆರಳುದ್ದದ ಚಿಪ್ಪಿನ ಪಟ್ಟಿ, ಸತ್ತುಹೋಗಿತ್ತು.

'ಏನ ಒತ್ತಿದಿ?' ಎಂದೆ.

'ಏನೂ ಒತ್ತಿಲ್ಲ ಅತ್ತಿ. ಲೈಟ್ ಹೋತು, ಬಂತು, ಆಮ್ಯಾಲೆ ಹಿಂಗಾತು ನೋಡು.'

'ಮುಟ್ಟಲಾರದ ತನ್ನಿಂದ ತಾನ ಕೆಡತದೇನು?'

ಹುಡುಗಿ ಮುಂದೆ ಮಾತಾಡಲಿಲ್ಲ. ಅವ್ವನ ದನಿ ಹೋದ ಸಂಕಟದಲ್ಲಿ ನಾನು ಇನ್ನೂ ನಾಲ್ಕು ಮಾತು ಆಡಿದೆ. ಅವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಂದಿನಿಂದ ಅವಳು ಆ ಯಂತ್ರವನ್ನು ಮುಟ್ಟಲಿಲ್ಲ. ಟಿವಿಯ ರಿಮೋಟನ್ನೂ ಕೇಳದೆ ಎತ್ತಿಕೊಳ್ಳುತ್ತಿರಲಿಲ್ಲ.

ವಾರಂಟಿ ಇತ್ತು. ಹೊಸ ಎಸ್ಎಸ್‌ಡಿ ಬಂತು. ವಾರಂಟಿ ವಸ್ತುವನ್ನು ತಿರುಗಿ ಕೊಡುತ್ತದೆ, ಅದರೊಳಗೆ ಇಟ್ಟದ್ದನ್ನು ಕೊಡುವುದಿಲ್ಲ. ನಾಲ್ಕು ತಿಂಗಳಿಗೆ ಅದೂ ಹೋಯಿತು. ಈ ಸಲ ಹುಡುಗಿ ಮುಟ್ಟಿರಲಿಲ್ಲ. ಹಾಗಾಗಿ ಮಗನನ್ನು ಹಿಡಿದೆ. ರಾತ್ರಿಯೆಲ್ಲ ಆಟ ಆಡಿ ಸುಟ್ಟೆ ಎಂದೆ. ಮೂರನೆಯದು ಹನ್ನೊಂದು ವಾರಕ್ಕೆ ಕೈಕೊಟ್ಟಿತು. ಮಗ ಆಗ ಪರೀಕ್ಷೆಯ ಓದಿನಲ್ಲಿದ್ದ, ಆಟ ಬಿಟ್ಟಿದ್ದ. ಈಗ ಮಾಡಿದ ಕಂಪನಿಯನ್ನು ಬೈದೆ, ಮಾರಿದವನನ್ನು ಬೈದೆ.

ಆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಮಗನೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆವು. ಓಣಿಯೊಂದರ ಸಣ್ಣ ಅಂಗಡಿ. ರಿಪೇರಿ ಮಾಡುವ ಹುಡುಗನಿಗೆ ಇಪ್ಪತ್ತೈದು ಇರಬಹುದು. ಯಾರು ಬಳಸುತ್ತಾರೆ ಎಂದು ಅವನು ಕೇಳಲೇ ಇಲ್ಲ. 'ಯಾವಾಗ ಕೆಡತದ್ರಿ ಅಕ್ಕಾರ? ಎಲ್ಲಿಟ್ಟು ಬಳಸ್ತೀರಿ? ಕೆಡೂಕಿಂತ ಮೊದಲ ಏನಾಗಿತ್ತು?' ಎಂದು ಒಂದೊಂದಾಗಿ ಕೇಳಿದ.

ಆಮೇಲೆ ನಮ್ಮ ಮೂರನೆಯ ಎಸ್ಎಸ್‌ಡಿಯನ್ನು ಬಿಚ್ಚಿ ತನ್ನ ಯಂತ್ರಕ್ಕೆ ಹಾಕಿದ. ಅದು ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟಿತು. ತನ್ನಲ್ಲಿದ್ದ ಒಳ್ಳೆಯದೊಂದನ್ನು ನಮ್ಮ ಯಂತ್ರಕ್ಕೆ ಹಾಕಿ, ಯುಪಿಎಸ್ ಮೇಲೆ ಸಂಜೆಯವರೆಗೆ ನಡೆಸಿದ. ಏನೂ ಆಗಲಿಲ್ಲ. ಅದನ್ನು ಕೂಡಿಸುವ ಜಾಗ ಕೆಟ್ಟಿರುವ ಲಕ್ಷಣ ಕಾಣಲಿಲ್ಲ. ಹಾಗಿದ್ದರೆ ನಮ್ಮ ಮನೆಯಲ್ಲಿ ಮಾತ್ರ ಆಗುವಂಥದ್ದು ಏನು? ಆಗ ಅವನು ಮಾಡಿದ ಕೆಲಸ ನನ್ನನ್ನು ಬೆರಗುಗೊಳಿಸಿತು. ಆ ಚಿಪ್ಪಿನ ಪಟ್ಟಿಯನ್ನೇ ಕೇಳಿದ.

ಪ್ರತಿ ಎಸ್ಎಸ್‌ಡಿಯೂ ತನ್ನ ಬಾಳಿನ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಎಷ್ಟು ತಾಸು ದುಡಿಯಿತು, ಎಷ್ಟು ಬರೆಯಿತು, ಎಷ್ಟು ಬಿಸಿಯಾಯಿತು ಎಂದು. ಅದರಲ್ಲಿ ಇನ್ನೊಂದು ಸಾಲಿದೆ: ಹೇಳದೆ ಕೇಳದೆ ವಿದ್ಯುತ್ತು ಕಡಿದುಹೋದದ್ದು ಎಷ್ಟು ಸಲ ಎಂಬುದು. ಹುಡುಗ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ. 212. ಹನ್ನೊಂದು ವಾರದಲ್ಲಿ 212 ಸಲ.

'ಬ್ಯಾಟರಿ ಎಲ್ಲೈತ್ರಿ ಇದರದ?' ಎಂದು ಕೇಳಿದ.

ಆಗ ನೆನಪಾಯಿತು. ಎರಡು ವರ್ಷಕ್ಕೇ ಬ್ಯಾಟರಿ ಉಬ್ಬಿ, ತಳದ ಮುಚ್ಚಳ ಪೂರಿಯ ಹಾಗೆ ಎದ್ದಿತ್ತು. ಬೆಂಕಿ ಹತ್ತೀತೆಂದು ಊರಿನ ಅಂಗಡಿಯಲ್ಲಿ ತೆಗೆಸಿದ್ದೆವು. ಹೊಸದು ಹಾಕಿಸೋಣವೆಂದು ಮಗ ಅಂದಾಗ, 'ವಾಯರ್ ಹಚ್ಚಿದ್ರ ನಡೀತದಲ್ಲ, ಸುಮ್ಮನ ರೊಕ್ಕ ಯಾಕ?' ಅಂದವಳು ನಾನು. ಮೊದಲ ಎಸ್ಎಸ್‌ಡಿ ಸತ್ತದ್ದು ಅದಾದ ಮೇಲೆಯೇ. ನಮ್ಮಲ್ಲಿ ಲೈಟು ಹೋಗಿ ಬರುವುದು ಹೊಸತಲ್ಲ. ಗೋಡೆಯ ಸಾಕೆಟ್ಟೂ ಸಡಿಲಾಗಿತ್ತು, ವಾಯರು ಅಲ್ಲಾಡಿದರೆ ಸಾಕು ಯಂತ್ರ ಆರುತ್ತಿತ್ತು.

ಲೈಟು ಹೋದರೆ ಅದು ಯಾಕೆ ಸಾಯಬೇಕು? ಹುಡುಗ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. 1984ರಲ್ಲಿ ಜಪಾನಿನ ಫುಜಿಯೊ ಮಸುವೋಕಾ ಎಂಬ ಇಂಜಿನಿಯರು ಜಗತ್ತಿನ ಮುಂದಿಟ್ಟ ಫ್ಲ್ಯಾಶ್ ಮೆಮೊರಿಯೇ ಇದರ ಮೂಲ. ಕ್ಯಾಮರಾದ ಮಿಂಚಿನಂತೆ ಒಮ್ಮೆಗೇ ಅಳಿಸಿಹೋಗುತ್ತದೆಂದು ಆ ಹೆಸರು ಬಂತು. ಇದರಲ್ಲಿ ತಿರುಗುವ ಚಕ್ರವಿಲ್ಲ, ಕೋಟ್ಯಂತರ ಸಣ್ಣ ಗೂಡುಗಳಲ್ಲಿ ವಿದ್ಯುತ್ತಿನ ಕಣಗಳು ಕೂತಿರುತ್ತವೆ. ಬರೆದ ಗೂಡಿನ ಮೇಲೆಯೇ ಮತ್ತೆ ಬರೆಯಲಾಗದು. ಹೊಸದನ್ನು ಬೇರೆ ಗೂಡಿನಲ್ಲಿ ಬರೆದು, ಹಳೆಯದನ್ನು ಆಮೇಲೆ ಗುಂಪಾಗಿ ಅಳಿಸಬೇಕು. ಹಾಗಾಗಿ ಯಾವುದು ಎಲ್ಲಿದೆ ಎಂಬ ಒಂದು ಪಟ್ಟಿಯನ್ನು ಅದು ಸದಾ ತಿದ್ದುತ್ತಲೇ ಇರುತ್ತದೆ. ದಿನವೂ ಡಬ್ಬಿಗಳ ಜಾಗ ಬದಲಾಗುವ ಅಡುಗೆಮನೆಯನ್ನು ನೆನೆಸಿಕೊಳ್ಳಿ, ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ಒಂದೇ ವಹಿಯಲ್ಲಿದೆ. ಆ ವಹಿ ಬರೆಯುತ್ತಿರುವಾಗಲೇ ಕೈಯಿಂದ ಕಸಿದುಕೊಂಡರೆ? ಬೇಳೆ ಬೆಲ್ಲ ಎಲ್ಲ ಅಲ್ಲಲ್ಲೇ ಇದ್ದರೂ ಅಡುಗೆಮನೆ ಹಾಳಾದ ಹಾಗೆಯೇ. ಬ್ಯಾಟರಿ ಇದ್ದಿದ್ದರೆ ಯಂತ್ರ ಆರುತ್ತಲೇ ಇರಲಿಲ್ಲ. ದೊಡ್ಡ ಕಂಪನಿಗಳು ಬಳಸುವ ದುಬಾರಿ ಎಸ್ಎಸ್‌ಡಿಗಳಲ್ಲಿ ವಹಿ ಮುಗಿಸುವಷ್ಟು ಹೊತ್ತು ವಿದ್ಯುತ್ತು ಹಿಡಿದಿಡುವ ಏರ್ಪಾಟು ಇರುತ್ತದಂತೆ. ಮನೆಬಳಕೆಯ ಬಹುಪಾಲಿನಲ್ಲಿ ಇಲ್ಲ.

ಇನ್ನೊಂದು ಸಣ್ಣ ಕಾರಣವೂ ಇತ್ತು. ಮಗ ಅದನ್ನು ಕೌದಿಯ ಮೇಲಿಟ್ಟು ಆಡುತ್ತಿದ್ದ. ಗಾಳಿ ಹೋಗುವ ಕಿಂಡಿ ಮುಚ್ಚಿ, ಫ್ಯಾನಿನಲ್ಲಿ ನಮ್ಮ ಎರಿಮಣ್ಣಿನ ಧೂಳು ತುಂಬಿ, ಒಳಗೆಲ್ಲ ಕಾವು. ಸತ್ತುಹೋದ ಮೊದಲೆರಡು ಈಗ ಬಾಯಿ ಬಿಡಲಾರವು. ಆದರೆ ಮೂರೂ ಬದುಕಿದ ಮನೆ ಒಂದೇ, ಉಂಡ ಪೆಟ್ಟು ಒಂದೇ.

ಬಸ್ಸಿನಲ್ಲಿ ತಿರುಗಿ ಬರುವಾಗ ಯೋಚಿಸಿದೆ. ಹುಡುಗಿ ಮೊದಲ ದಿನವೇ ಕಾರಣ ಹೇಳಿದ್ದಳು. 'ಲೈಟ್ ಹೋತು, ಬಂತು, ಆಮ್ಯಾಲೆ ಹಿಂಗಾತು.' ಇದಕ್ಕಿಂತ ಸರಿಯಾದ ಸಾಕ್ಷಿ ಬೇರೆ ಬೇಕಿರಲಿಲ್ಲ. ನಾನು ಅದನ್ನು ನೆಪವೆಂದು ತಿಳಿದೆ. 'ಯಾರು' ಎಂಬ ಪ್ರಶ್ನೆ ಮನಸ್ಸಿನಲ್ಲಿದ್ದಾಗ 'ಹೇಗೆ' ಎಂಬುದಕ್ಕೆ ಬಂದ ಉತ್ತರ ಕಿವಿಗೆ ಬೀಳುವುದಿಲ್ಲ.

ನಾನು ಬೈದ ಅನುಕ್ರಮವನ್ನೂ ನೋಡಿದೆ. ಮೊದಲು ಪರರ ಮನೆಯಲ್ಲಿದ್ದು ಓದುವ ಹುಡುಗಿ, ಆಮೇಲೆ ಹೊಟ್ಟೆಯ ಮಗ, ಆಮೇಲೆ ಕಾಣದ ಕಂಪನಿ. ತಿರುಗಿ ಮಾತಾಡಲಾರದವರಿಂದ ಶುರುವಾಗಿ ಒಂದೊಂದೇ ಮೆಟ್ಟಿಲು ಏರಿತು. ನನ್ನ ತನಕ ಮಾತ್ರ ಬರಲಿಲ್ಲ. ತಪ್ಪು ಹುಡುಕುತ್ತೇವೆ ಎನ್ನುತ್ತೇವೆ. ನಿಜಕ್ಕೂ ಹುಡುಕುವುದು ತಪ್ಪು ಹೊರಲು ಒಂದು ಹೆಗಲನ್ನು.

ಹುಡುಗ ಇನ್ನೊಂದು ಸಂಗತಿ ಹೇಳಿದ್ದ. 2019ರಲ್ಲಿ ಎಚ್‌ಪಿಇ ಎಂಬ ಅಮೆರಿಕದ ಕಂಪನಿ ತನ್ನ ಗಿರಾಕಿಗಳಿಗೆ ಒಂದು ಎಚ್ಚರಿಕೆ ಕೊಟ್ಟಿತು. ಅದರ ಕೆಲವು ಎಸ್ಎಸ್‌ಡಿಗಳು 32,768 ತಾಸು, ಅಂದರೆ 3 ವರ್ಷ 270 ದಿನ 8 ತಾಸು ನಡೆದ ಕೂಡಲೇ ಸಾಯುವವಿದ್ದವು. ಒಳಗಿನ ಸೂಚನೆಗಳಲ್ಲೇ ದೋಷವಿತ್ತು. ಆ ಎಚ್ಚರಿಕೆ ಬರದೆ ಇದ್ದಿದ್ದರೆ, ಆ ಗಳಿಗೆಯಲ್ಲಿ ಯಂತ್ರದ ಮುಂದೆ ಕೂತಿದ್ದ ಪಾಪದ ನೌಕರನೇ ಅಲ್ಲವೆ ಸಿಕ್ಕಿಬೀಳುತ್ತಿದ್ದುದು?

ನಮ್ಮ ಎರಿಭೂಮಿಯ ಮನೆಗಳವರಿಗೆ ಈ ಪಾಠ ಹೊಸದಾಗಬಾರದಿತ್ತು. ಕರಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನಮ್ಮ ಹಿತ್ತಲ ಗೋಡೆ ವರ್ಷವೂ ಬಿರುಕು ಬಿಡುತ್ತಿತ್ತು. ವರ್ಷವೂ ಗಿಲಾವು ಮಾಡಿಸಿ ಗೌಂಡಿಯ ಕೈಗುಣವನ್ನು ಬೈಯುತ್ತಿದ್ದೆವು. ಕೊನೆಗೆ ಒಬ್ಬ ಮುದುಕ ಗೌಂಡಿ ಗೋಡೆ ನೋಡದೆ ನೆಲ ನೋಡಿ, 'ಬಚ್ಚಲ ನೀರು ಬುನಾದಿಗೆ ಇಳೀಲಿಕ್ಕತ್ತೇತ್ರೆವ್ವ' ಅಂದ. ನೀರಿನ ದಾರಿ ತಿರುಗಿಸಿದೆವು. ಬಿರುಕು ನಿಂತಿತು.

ಹಾಗಾದರೆ ಯಾರದೂ ತಪ್ಪೇ ಇಲ್ಲವೆ, ಎಲ್ಲವೂ ಲೈಟಿನ ತಪ್ಪೇ, ಮಣ್ಣಿನ ತಪ್ಪೇ ಎಂದು ನೀವು ಕೇಳಬಹುದು. ನನಗೆ ಹಾಗೆ ಅನಿಸುವುದಿಲ್ಲ. ಕೌದಿಯ ಮೇಲೆ ಇಟ್ಟದ್ದು ಮಗನ ತಪ್ಪು. ಬ್ಯಾಟರಿ ಬೇಡವೆಂದದ್ದು ನನ್ನ ತಪ್ಪು. ಅವ್ವನ ದನಿಯನ್ನು ಒಂದೇ ಕಡೆ ಇಟ್ಟದ್ದು ಇನ್ನೂ ದೊಡ್ಡ ತಪ್ಪು. ಆದರೆ ಈ ತಪ್ಪುಗಳು ಕಂಡದ್ದು ವಿಚಾರಿಸಿದ ಮೇಲೆ. ಇನ್ನೊಬ್ಬರ ಮೇಲೆ ತಪ್ಪು ಹೊರಿಸಿದರೆ ವಿಚಾರ ಅಲ್ಲಿಗೆ ಮುಗಿಯುತ್ತದೆ. ಹೊಣೆ ಹೊತ್ತುಕೊಂಡರೆ ಅಲ್ಲಿಂದ ಶುರುವಾಗುತ್ತದೆ. ಒಂದರಿಂದ ಮನಸ್ಸು ಹಗುರಾಗುತ್ತದೆ, ಇನ್ನೊಂದರಿಂದ ಯಂತ್ರ ಸರಿಯಾಗುತ್ತದೆ.

ನಮ್ಮ ಓಣಿಯಲ್ಲಿ ಯಾವಳೋ ಸೊಸೆ ತವರಿಗೆ ಹೋಗಿ ತಿರುಗಿ ಬರದಿದ್ದರೆ ನಾವು ಹೆಂಗಸರೇ ಕಟ್ಟೆಯ ಮೇಲೆ ಕೂತು, 'ಚೊಲೋನ ಇದ್ಲವ್ವ, ಒಮ್ಮೆಲೆ ಏನಾತೋ' ಎನ್ನುತ್ತೇವೆ. ಈಗ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಒಮ್ಮೆಲೆ ಯಾವುದೂ ಆಗುವುದಿಲ್ಲ. ಅವಳೊಳಗೂ ಒಂದು ಲೆಕ್ಕ ಬರೆದುಕೊಳ್ಳುತ್ತಲೇ ಇದ್ದಿರಬೇಕು. ಓದಿದವರು ಯಾರೂ ಇರಲಿಲ್ಲ, ಅಷ್ಟೆ.

ಬ್ಯಾಟರಿ ಹಾಕಿಸಿದೆವು, ಸಾಕೆಟ್ಟು ಬದಲಿಸಿದೆವು, ಫ್ಯಾನು ಒರೆಸಿದೆವು. ಯಂತ್ರಕ್ಕೆ ಕೌದಿ ಬಿಡಿಸಿ ಹಲಗೆ ಕೊಟ್ಟೆವು. ನಾಲ್ಕನೆಯ ಎಸ್ಎಸ್‌ಡಿಗೆ ಈಗ ವರ್ಷ ದಾಟಿದೆ. ಬೇಕಾದದ್ದೆಲ್ಲ ಎರಡು ಕಡೆ ಇರುತ್ತದೆ. ಅವ್ವನ ಪದಗಳು ಮಾತ್ರ ಯಾವ ಕಡೆಯೂ ಇಲ್ಲ.

ಹುಡುಗಿಯ ಓದು ಮುಗಿದಿತ್ತು, ಊರಿಗೆ ಹೋಗಿದ್ದಳು. ಹುಬ್ಬಳ್ಳಿಯಿಂದ ಬಂದ ರಾತ್ರಿಯೇ ಫೋನು ಮಾಡಿದೆ. 212ರ ಕತೆಯೆಲ್ಲ ಹೇಳಿ, 'ನೀ ಅವತ್ತ ಖರೇನ ಹೇಳಿದ್ದಿ, ನಾನ ಕೇಳಲಿಲ್ಲ. ತಪ್ಪಾತವ್ವ' ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಹೋಗ್ಲಿ ಬಿಡ್ರಿ ಅತ್ತಿ' ಎಂದಳು.

ಸಣ್ಣಂದಿನಿಂದ ನನ್ನನ್ನು 'ನೀ' ಎಂದು ಕರೆದ ಹುಡುಗಿ ಅವಳು. ಆ 'ರಿ' ಯಾವ ದಿನ ಬಂದು ಸೇರಿತೋ ನಾನು ಗಮನಿಸಿಯೇ ಇರಲಿಲ್ಲ. ಈಗ ವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಅದು ಇನ್ನೂ ಹೋಗಿಲ್ಲ.