ಮಾದಪ್ಪನ ಬೆಟ್ಟಕ್ಕೆ ಬುತ್ತಿ, ನೀರು

ಭಕ್ತಾದಿಗಳೇ, ಶಿವರಾತ್ರಿಗೆ ಕನಕಪುರದ ಕಡೆಯವರು ಸಂಗಮದ ಹತ್ತಿರ ಕಾವೇರಿ ಹೊಳೆ ದಾಟಿ, ಕಾಡಿನಲ್ಲಿ ನಡೆದು ಶ್ರೀ ಮಲೆ ಮಹದೇಶ್ವರ ಸ್ವಾಮಿಯ ದರ್ಶನಕ್ಕೆ ಬರುವುದು ತಲೆತಲಾಂತರದ ವಾಡಿಕೆ. ತಾಳಬೆಟ್ಟದಿಂದ ನಡೆದು ಹತ್ತುವವರೂ ಉಂಟು. ಹೆಗಲಲ್ಲಿ ಬುತ್ತಿ ಗಂಟು, ಕೈಲಿ ನೀರು, ಬಾಯಲ್ಲಿ ಉಘೇ ಮಾದಪ್ಪ.

ಬೆಟ್ಟದಲ್ಲಿ ದಾಸೋಹ ಇದೆಯಲ್ಲ, ಬುತ್ತಿ ಯಾಕೆ ಅಂತ ಕೆಲವರು ಕೇಳುತ್ತಾರೆ. ದಾಸೋಹ ಮೇಲಿದೆ, ಬಾಯಾರಿಕೆ ದಾರಿಯಲ್ಲೇ ಇದೆ. ಬಿಸಿಲಿಗೆ ಮುದುಕರು, ಮಕ್ಕಳು ಕೂತುಬಿಡುತ್ತಾರೆ. ತಂದ ನೀರು ಅವರಿಗೂ ಸೇರಿದ್ದು.

ದೇವರಗುಡ್ಡರ ಬಾಯಲ್ಲಿ ಬೇವಿನಹಟ್ಟಿ ಕಾಳಮ್ಮನ ಕಥೆ ಕೇಳದವರಾರು? ಏಳು ಗಂಡುಮಕ್ಕಳು, ಏಳು ಸೊಸೆಯರು, ಮನೆ ತುಂಬ ಸಿರಿ. ಜಂಗಮನಾಗಿ ಬಾಗಿಲಿಗೆ ಬಂದ ಮಾದಪ್ಪನಿಗೆ ಮಾತ್ರ ಭಿಕ್ಷೆ ಹಾಕಲಿಲ್ಲ. ಕಾಡು ದಾರಿಯಲ್ಲಿ ಒಂದು ಗುಟುಕು ನೀರು ಕೇಳುವವನು ಯಾರೋ, ಯಾರಿಗೆ ಗೊತ್ತು?

ಇನ್ನೊಂದು ಮಾತು. ಹಿಂದಿನವರು ಬುತ್ತಿ ಕಟ್ಟುತ್ತಿದ್ದುದು ಮುತ್ತುಗದ ಎಲೆಯಲ್ಲಿ, ಬಟ್ಟೆಯಲ್ಲಿ. ಬಿಸಾಡಿದ ಎಲೆ ಮಣ್ಣಾಗುತ್ತಿತ್ತು. ಈಗಿನ ಪ್ಲಾಸ್ಟಿಕ್ ಕವರು ಮಣ್ಣಾಗುವುದಿಲ್ಲ. ಅನ್ನದ ವಾಸನೆಗೆ ಜಿಂಕೆ, ಆನೆ, ದನಗಳು ಕವರು ಸಮೇತ ನುಂಗುತ್ತವೆ. ಅದು ಹೊಟ್ಟೆಯಲ್ಲೇ ಕಟ್ಟಿಕೊಂಡು ನರಳುತ್ತವೆ, ಮೂಕಪ್ರಾಣಿ, ಯಾರಿಗೆ ಹೇಳೀತು? ಸರ್ಕಾರ ಈ ಕಾಡನ್ನು ವನ್ಯಜೀವಿ ಧಾಮ ಮಾಡಿದ್ದು 2013ರಲ್ಲಿ. ಹುಲಿಯನ್ನೇ ವಾಹನ ಮಾಡಿಕೊಂಡ ಸ್ವಾಮಿಯ ಭಕ್ತರಿಗೆ ಇದು ಅದಕ್ಕೂ ಮೊದಲೇ ತಿಳಿದಿರಬೇಕಾದ ವಿಷಯ.

ತುಂಬಿದ ಬಾಟಲಿ ಹೊತ್ತು ಬಂದವರಿಗೆ ಖಾಲಿಯದು ಭಾರವಲ್ಲ. ಗಂಟಿನಲ್ಲೇ ಕಟ್ಟಿಕೊಂಡು ಬಂದು ಬೆಟ್ಟದ ಮೇಲಿನ ಕಸದ ತೊಟ್ಟಿಗೆ ಹಾಕುವುದು, ಇಲ್ಲವೇ ಊರಿಗೇ ವಾಪಸ್ ಒಯ್ಯುವುದು.