ಗೊಣಗುಟ್ಟುವಿಕೆಗೆ ಕಿವಿಗೊಟ್ಟ ಸಭೆ

ಓದತಕ್ಕ ವೇದಭಾಗ: ಅಪೊಸ್ತಲರ ಕೃತ್ಯಗಳು, 6ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು.



ಯೆರೂಸಲೇಮಿನಲ್ಲಿದ್ದ ಮೊದಲನೆಯ ಸಭೆಯನ್ನು ಕುರಿತು ಮಾತಾಡುವಾಗೆಲ್ಲಾ ನಮ್ಮ ಹೃದಯವು ಸಂತೋಷಪಡುತ್ತದೆ. ಪಂಚಾಶತ್ತಮ ದಿನದಲ್ಲಿ ಇಳಿದುಬಂದ ಪವಿತ್ರಾತ್ಮನ ವರವನ್ನೂ, ಒಂದೇ ದಿನದಲ್ಲಿ ದೀಕ್ಷಾಸ್ನಾನ ಹೊಂದಿದ ಮೂರು ಸಾವಿರ ಜನರನ್ನೂ, ಹೊಲಮನೆಗಳನ್ನು ಮಾರಿ ಅದರ ಹಣವನ್ನು ಅಪೊಸ್ತಲರ ಪಾದಗಳ ಬಳಿಯಲ್ಲಿ ತಂದಿಟ್ಟವರನ್ನೂ ನಾವು ನೆನಸಿ, ನಮ್ಮ ಸಭೆಯೂ ಹಾಗಿರಬಾರದೇ ಎಂದು ನಿಟ್ಟುಸಿರು ಬಿಡುತ್ತೇವೆ. ಆದರೆ ಈ ಸಂಗತಿಗಳನ್ನು ಬರೆದ ಲೂಕನು ಆ ಸಭೆಯ ಕೊರತೆಯನ್ನು ಮುಚ್ಚಿಡಲಿಲ್ಲ. ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ಆ ದಿನಗಳಲ್ಲಿಯೇ ಸಭೆಯೊಳಗೆ ಗೊಣಗುಟ್ಟುವಿಕೆ ಹುಟ್ಟಿತೆಂದು ಆತನು ಬಿಚ್ಚಿ ಹೇಳುತ್ತಾನೆ. ದಿನದಿನದ ಅನ್ನವನ್ನು ಹಂಚುವಾಗ ಇಬ್ರಿಯರ ವಿಧವೆಯರಿಗೆ ಪಾಲು ಸಿಕ್ಕುತ್ತಿತ್ತು. ಗ್ರೀಕ್ ಮಾತಾಡುವವರ ವಿಧವೆಯರು ಲೆಕ್ಕಕ್ಕೆ ಬರಲಿಲ್ಲ. ಕರ್ತನು ಒಬ್ಬನೇ, ದೀಕ್ಷಾಸ್ನಾನವು ಒಂದೇ, ಪ್ರಾರ್ಥನೆಯೂ ಒಂದೇ. ಆದರೆ ರೊಟ್ಟಿಯ ಬುಟ್ಟಿಯು ಒಂದು ಪಕ್ಷದವರ ಬಾಗಿಲಿಗೆ ಹೋಗಿ, ಮತ್ತೊಂದು ಪಕ್ಷದವರ ಬಾಗಿಲನ್ನು ದಾಟಿಹೋಯಿತು.

ಈ ವೇದಭಾಗವನ್ನು ನಾವು ವಿದ್ಯಾಲಯದಲ್ಲಿ ಕಲಿತು, ಅನೇಕ ಸಾರಿ ಪ್ರಸಂಗ ಮಾಡಿದವರು. ಆದರೂ ಇದರ ಅರ್ಥವನ್ನು ನಮಗೆ ಕಲಿಸಿದವಳು ಅಕ್ಷರ ಬಾರದ ಒಬ್ಬ ಮುದುಕಿ. ಅದು ಹೇಗಂದರೆ, 2023ನೆಯ ವರ್ಷದಲ್ಲಿ ನಮ್ಮ ರಾಜ್ಯದ ಹೆಚ್ಚಿನ ತಾಲೂಕುಗಳಲ್ಲಿ ಮಳೆ ತಪ್ಪಿ ಬರಗಾಲವು ಬಂದದ್ದನ್ನು ಎಲ್ಲರೂ ಬಲ್ಲಿರಿ. ಆಗ ನಾವು ಸಭಾ ಹಿರಿಯರೊಂದಿಗೆ ಕೂತು, ಬಡವರ ನಿಧಿಯಿಂದ ಜೋಳವನ್ನು ಕೊಂಡು ಹಂಚುವದಕ್ಕೆ ಒಂದು ಪಟ್ಟಿಯನ್ನು ಬರೆದೆವು. ಬರೆದ ಕೈ ನಮ್ಮದೇ. ಮೂರು ತಲೆಮಾರುಗಳಿಂದ ಸಭೆಯಲ್ಲಿರುವ ಮನೆತನಗಳ ಹೆಸರುಗಳು ಒಂದೊಂದಾಗಿ ನೆನಪಿಗೆ ಬಂದವು. ಕೆಳಗಣ ಕೇರಿಯಿಂದ ಇತ್ತೀಚೆಗೆ ಸಭೆಗೆ ಸೇರಿದವರ ಹೆಸರುಗಳು ಅರ್ಧಕ್ಕರ್ಧ ಬಿಟ್ಟುಹೋದವು. ಯಾರೂ ಬೇಕೆಂದು ಬಿಡಲಿಲ್ಲ; ಯಾರಿಗೂ ನೆನಪಾಗಲಿಲ್ಲ, ಅಷ್ಟೇ.

ಕೆಲವು ವಾರಗಳಾದ ಮೇಲೆ ಆ ಕೇರಿಯ ಒಬ್ಬ ವಿಧವೆಯು ಆರಾಧನೆಗೆ ಬರುತ್ತಿಲ್ಲವೆಂದು ತಿಳಿದು ನಾವು ಆಕೆಯ ಮನೆಗೆ ಹೋದೆವು. ಸತ್ಯವನ್ನು ಹೇಳುವದಾದರೆ, ಆಕೆಯ ತಿಂಗಳ ಕಾಣಿಕೆ ಬಾಕಿಯಾಗಿತ್ತೆಂಬದನ್ನು ಪುಸ್ತಕದಲ್ಲಿ ಕಂಡದ್ದರಿಂದಲೇ ಆಕೆಯ ನೆನಪಾಯಿತು. "ಯಾಕವ್ವಾ, ಆರಾಧನೆಗೆ ಬರಲಿಲ್ಲ?" ಎಂದು ಕೇಳಿದೆವು. ಆಕೆಯು ಕಂಬಕ್ಕೆ ಒರಗಿಕೊಂಡು, "ನಾ ಬಂದಾಗ ನಿಮ್ಮ ಪಟ್ಟಿಯೊಳಗ ಇರಲಿಲ್ಲರೀ ಉಪದೇಶಿಯವರ. ಬರದಿದ್ದಾಗ ಹೆಂಗ ಗೊತ್ತಾತು?" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದಿರುಗಿ ಬಂದು ಈ ಆರನೆಯ ಅಧ್ಯಾಯವನ್ನು ಮೊಣಕಾಲೂರಿ ಓದಿದೆವು. ಅದರಿಂದ ನಮಗೆ ದೊರೆತ ಮೂರು ಬುದ್ಧಿವಾದಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದು, ಅಪೊಸ್ತಲರು ಗೊಣಗುಟ್ಟುವಿಕೆಗೆ ಕಿವಿಗೊಟ್ಟರು. ಗೊಣಗುಟ್ಟುವದು ಪಾಪವೆಂದು ನಾವು ಅನೇಕ ಸಾರಿ ಬೋಧಿಸುತ್ತೇವೆ. ಅರಣ್ಯದಲ್ಲಿ ಗೊಣಗುಟ್ಟಿದ ಇಸ್ರಾಯೇಲ್ಯರ ದೃಷ್ಟಾಂತವನ್ನೂ ಹೇಳುತ್ತೇವೆ. ಅಪೊಸ್ತಲರು ಈ ವಿಧವೆಯರಿಗೆ, ತಾಳ್ಮೆಯಿಂದಿರ್ರಿ, ಪರಲೋಕದಲ್ಲಿ ನಿಮಗೆ ಪ್ರತಿಫಲ ಸಿಕ್ಕುವದು ಎಂದು ಹೇಳಬಹುದಾಗಿತ್ತು. ಅವರು ಹಾಗೆ ಹೇಳದೆ ಶಿಷ್ಯರೆಲ್ಲರನ್ನೂ ಒಟ್ಟಿಗೆ ಕರೆದು, ಆ ಕೊರತೆಯನ್ನು ಎಲ್ಲರ ಮುಂದೆ ಇಟ್ಟರು. ಹೊಟ್ಟೆ ತುಂಬಿದವನು ಇನ್ನೂ ಬೇಕೆಂದು ಗೊಣಗುವದು ಬೇರೆ, ಪಾಲು ತಪ್ಪಿಸಲ್ಪಟ್ಟವನು ನ್ಯಾಯಕ್ಕಾಗಿ ಗೊಣಗುವದು ಬೇರೆ. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ದಾಸರ ನಿಟ್ಟುಸಿರು ದೇವರ ಸನ್ನಿಧಿಗೆ ಮುಟ್ಟಿತು. ಆತನು ಅದನ್ನು ಅವಿಧೇಯತ್ವವೆಂದು ಎಣಿಸದೆ ಮೋಶೆಯನ್ನು ಕಳುಹಿಸಿದನು. ಆದಕಾರಣ ಹಿರಿಯರೇ, ನಿಮ್ಮ ಸಭೆಯಲ್ಲಿ ಯಾರಾದರೂ ಗೊಣಗಿದರೆ, ಬಾಯಿ ಮುಚ್ಚಿಸುವದಕ್ಕೆ ಮುಂಚೆ ಪಟ್ಟಿಯನ್ನು ತೆರೆದು ನೋಡಿರಿ.

ಎರಡನೆಯದು, ನೊಂದವರ ಕೈಗೇ ಬುಟ್ಟಿಯನ್ನು ಒಪ್ಪಿಸಲಾಯಿತು. ಸಭೆಯವರು ಒಳ್ಳೇ ಹೆಸರು ಹೊಂದಿದವರೂ ಆತ್ಮಭರಿತರೂ ಜ್ಞಾನಸಂಪನ್ನರೂ ಆದ ಏಳು ಮಂದಿಯನ್ನು ಆರಿಸಿಕೊಂಡರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಇವೆಲ್ಲಾ ಗ್ರೀಕ್ ಹೆಸರುಗಳೇ. ನಿಕೊಲಾಯನಾದರೋ ಅಂತಿಯೋಕ್ಯದವನು; ಅನ್ಯರೊಳಗಿಂದ ಯೆಹೂದ್ಯ ಮತಕ್ಕೆ ಸೇರಿದ್ದವನು. ಹೀಗಿರಲಾಗಿ, ಯಾರ ವಿಧವೆಯರು ಉಪವಾಸ ಬಿದ್ದಿದ್ದರೋ ಅವರ ಪಕ್ಷದವರೇ ಹಂಚುವ ಕೆಲಸಕ್ಕೆ ನೇಮಿಸಲ್ಪಟ್ಟರೆಂದು ವೇದಪಂಡಿತರಲ್ಲಿ ಅನೇಕರು ತಿಳಿಯುತ್ತಾರೆ. ಬಹುಸಂಖ್ಯೆಯವರು ಕನಿಕರಪಟ್ಟು ಕೊಡುವದು ಸುಲಭ. ಕೊಡುವ ಅಧಿಕಾರವನ್ನೇ ಬಿಟ್ಟುಕೊಡುವದು ಕಷ್ಟ. ಯೆರೂಸಲೇಮಿನವರು ಆ ಕಷ್ಟವಾದದ್ದನ್ನು ಮಾಡಿದರು.

ನಮ್ಮ ದೇಶದ ಸಭೆಗಳ ಚರಿತ್ರೆಯಲ್ಲಿಯೂ ಈ ಪರೀಕ್ಷೆಯು ಮೊದಲಿನಿಂದಲೂ ಇತ್ತು. ತಂಜಾವೂರು, ಮದ್ರಾಸು ಮುಂತಾದ ಸ್ಥಳಗಳ ಕೆಲವು ಸಭೆಗಳಲ್ಲಿ ದೀಕ್ಷಾಸ್ನಾನ ಹೊಂದಿದವರೇ ಜಾತಿಗೆ ತಕ್ಕಂತೆ ಬೇರೆ ಬೇರೆ ಕೂತುಕೊಳ್ಳುತ್ತಿದ್ದರು. ಕಲ್ಕತ್ತೆಯ ಬಿಷಪರಾದ ಡೇನಿಯಲ್ ವಿಲ್ಸನ್‌ರವರು 1833ರಲ್ಲಿ ಪತ್ರವನ್ನು ಬರೆದು, ಸಭೆಯೊಳಗೆ ಜಾತಿಭೇದವನ್ನು ಸಂಪೂರ್ಣವಾಗಿಯೂ ತಡವಿಲ್ಲದೆಯೂ ಬಿಡಬೇಕೆಂದು ವಿಧಿಸಿದರು. ಅದರಿಂದ ಕೆಲವರು ಸಭೆಯನ್ನು ಬಿಟ್ಟುಹೋದದ್ದೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರೂ ಜಾತಿಯನ್ನು ಬಿಡದವನಿಗೆ ದೀಕ್ಷಾಸ್ನಾನವಿಲ್ಲವೆಂಬ ನಿಯಮವನ್ನು ಹಿಡಿದುಕೊಂಡರು. ಪತ್ರದಿಂದಲೂ ನಿಯಮದಿಂದಲೂ ಒಂದು ಬಾಗಿಲು ತೆರೆಯಿತು. ಆದರೆ ಮನಸ್ಸಿನ ಬಾಗಿಲನ್ನು ಪ್ರತಿಯೊಂದು ತಲೆಮಾರೂ ತಾನೇ ತೆರೆಯಬೇಕಾಗಿದೆ. ಒಂದೇ ಪಾತ್ರೆಯಲ್ಲಿ ಕರ್ತನ ರಾತ್ರಿಭೋಜನವನ್ನು ತೆಗೆದುಕೊಂಡು, ಮನೆಗೆ ಹೋದ ಮೇಲೆ ನೀರಿನ ಚೊಂಬನ್ನು ಬೇರೆ ಇಡುವವನು ಯಾರನ್ನು ಮೋಸಗೊಳಿಸುತ್ತಾನೆ?

ಮೂರನೆಯದು, ಅನ್ನದ ಸೇವೆಯಿಂದ ವಾಕ್ಯದ ಸೇವೆಗೆ ಕುಂದು ಬರಲಿಲ್ಲ. ಅಪೊಸ್ತಲರು ಪ್ರಾರ್ಥನೆಯಲ್ಲಿಯೂ ಉಪದೇಶದಲ್ಲಿಯೂ ನಿರತರಾದರು, ಏಳು ಮಂದಿಯು ಪಂಕ್ತಿಯ ಸೇವೆ ಮಾಡಿದರು. ಎರಡಕ್ಕೂ ಹಸ್ತಾರ್ಪಣೆಯೂ ಪ್ರಾರ್ಥನೆಯೂ ಬೇಕಾದವು. ಆಮೇಲೆ ಏನಾಯಿತು? ದೇವರ ವಾಕ್ಯವು ಪ್ರಬಲವಾಯಿತು, ಶಿಷ್ಯರ ಸಂಖ್ಯೆ ಬಹಳವಾಗಿ ಹೆಚ್ಚಿತು, ಯಾಜಕರಲ್ಲಿಯೂ ಅನೇಕರು ನಂಬುವವರಾದರು ಎಂದು ಏಳನೆಯ ವಚನವು ತಿಳಿಸುತ್ತದೆ. ಮುದುಕಿಯ ಬಾಗಿಲಿಗೆ ಬುಟ್ಟಿ ಮುಟ್ಟಿದ ಮೇಲೆಯೇ ಈ ಮಾತು ಬರೆಯಲ್ಪಟ್ಟಿದೆಯೆಂಬದನ್ನು ಗಮನಿಸಿರಿ.

ನಮ್ಮ ಹಿರಿಯರೂ ಇದನ್ನು ಬಲ್ಲವರಾಗಿದ್ದರು. ತುಳುನಾಡಿನಲ್ಲಿ ಶೇಂದಿಯ ಕಸುಬನ್ನು ಬಿಟ್ಟು ಕ್ರಿಸ್ತನನ್ನು ಹಿಂಬಾಲಿಸಿದ ಬಿಲ್ಲವರಿಗೂ, ಮನೆತನದಿಂದ ಹೊರಗೆ ಹಾಕಲ್ಪಟ್ಟವರಿಗೂ ಜೀವನೋಪಾಯವಿಲ್ಲದೆ ಹೋದಾಗ, ಮಿಶನಿನವರು ನೇಯ್ಗೆಯ ಮಗ್ಗಗಳನ್ನು ಹಾಕಿಸಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಆದರೂ ಸಭೆಯವರು ತಮ್ಮ ಹೊಟ್ಟೆಗೆ ಮಿಶನಿನ ಕೈಯನ್ನೇ ನೋಡುವ ರೂಢಿಯೂ ಅದರಿಂದ ಬೆಳೆಯಿತೆಂಬದನ್ನು ಅಲ್ಲಗಳೆಯಲಾಗದು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದ ಮೇಲೆ ಆ ಕಾರ್ಖಾನೆಗಳು ಮಿಶನಿನ ಕೈತಪ್ಪಿದವು. ಕೊಡುವ ಕೈ ಸಮುದ್ರದಾಚೆಯದಾದರೆ ಒಂದು ದಿನ ಅದು ಹಿಂದೆಗೆಯಲ್ಪಡುವದು. ನೆರೆಮನೆಯ ಕೈಯು ಹಿಂದೆಗೆಯಬಾರದು.

ಈಗ ಆ ವಿಧವೆಯ ಸಂಗತಿಗೆ ಹಿಂದಿರುಗುತ್ತೇವೆ. ನಾವು ಆಕೆಯ ಮುಂದೆಯೂ ಸಭೆಯ ಮುಂದೆಯೂ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಹಿರಿಯರು ಪಟ್ಟಿಯನ್ನು ಹರಿದುಹಾಕಿ, ಕೆಳಗಣ ಕೇರಿಯವರಲ್ಲಿ ಇಬ್ಬರನ್ನು ಬಡವರ ನಿಧಿಯ ಮೇಲ್ವಿಚಾರಕ್ಕೆ ಸೇರಿಸಿಕೊಂಡರು. ಅವರಲ್ಲಿ ಒಬ್ಬಳು ಸ್ತ್ರೀ. ಹೊಸ ಪಟ್ಟಿಯನ್ನು ಬರೆಯುವದಕ್ಕೆ ಆ ಸಹೋದರಿಯು ಮನೆಮನೆಗೆ ಹೋದಾಗ, ನಾವು ವರ್ಷಗಟ್ಟಲೆ ಕೇಳದಿದ್ದ ಮಾತು ಹೊರಬಿತ್ತು. ಆ ವಿಧವೆಯು ಮಗಳ ಮದುವೆಗೆಂದು ಒಂದು ಇಟ್ಟಿಗೆ ಭಟ್ಟಿಯ ಯಜಮಾನನಿಂದ ಮುಂಗಡ ತೆಗೆದುಕೊಂಡಿದ್ದಳು. ಅದನ್ನು ತೀರಿಸುವದಕ್ಕೆ ಹೋದ ಮಗನು ಮೂರು ವರ್ಷಗಳಾದರೂ ಬಿಡುಗಡೆ ಹೊಂದಿರಲಿಲ್ಲ. ಹಬ್ಬಕ್ಕೂ ಊರಿಗೆ ಬರುವದಕ್ಕೆ ಅಪ್ಪಣೆಯಿರಲಿಲ್ಲ. ಸಾಲವು ಕರಗದೆ ಬೆಳೆಯುತ್ತಲೇ ಇತ್ತು.

ಇದನ್ನು ಕೇಳಿದಾಗ ಹಿರಿಯರಲ್ಲಿ ಒಬ್ಬರು ತಲೆ ತಗ್ಗಿಸಿ, ನಮ್ಮ ಪ್ರಾರ್ಥನಾಮಂದಿರದ ಗೋಡೆಗೆ ಇಟ್ಟಿಗೆಗಳನ್ನು ಧರ್ಮಾರ್ಥವಾಗಿ ಕೊಟ್ಟವನು ಆ ಯಜಮಾನನೇ ಎಂದು ನೆನಪು ಮಾಡಿದರು. ಆ ಯಜಮಾನನಿಗೆ ನಾವು ಬೆಳೆಹಬ್ಬದ ದಿನ ಶಾಲು ಹೊದಿಸಿ ಸನ್ಮಾನ ಮಾಡಿದ್ದೆವು. ಅನ್ಯಾಯದಿಂದ ಕಟ್ಟಿದ ಮನೆಯ ಗೋಡೆಯೊಳಗಿನ ಕಲ್ಲೇ ಕೂಗುವದೆಂದು ಪ್ರವಾದಿಯಾದ ಹಬಕ್ಕೂಕನು ಹೇಳಿದ್ದು ಪರದೇಶದ ಅರಮನೆಗಳನ್ನು ಕುರಿತೇ ಎಂದು ನಾವು ಎಣಿಸಿದ್ದೆವು. ಆ ರಾತ್ರಿ ನಮ್ಮ ಗೋಡೆಯ ಇಟ್ಟಿಗೆಗಳೇ ಕೂಗಿದಂತಾಯಿತು.

ಕೆಲವರು ಭಯಪಟ್ಟರು. "ಊರ ದೊಡ್ಡವರ ವಿರೋಧ ಕಟ್ಟಿಕೊಂಡರೆ ಸಭೆ ಉಳಿದೀತೇ?" ಎಂದರು. ಅವರ ಭಯವು ಸುಳ್ಳಾದದ್ದಲ್ಲ. ಆ ಭಟ್ಟಿಯಲ್ಲಿ ದುಡಿಯುವವರು ನಮ್ಮಲ್ಲಿ ಇನ್ನೂ ಕೆಲವರಿದ್ದರು. ಆದರೂ ಪ್ರಾರ್ಥಿಸಿದ ಮೇಲೆ ಇಬ್ಬರು ಹಿರಿಯರೂ ನಾವೂ ಆ ತಾಯಿಯನ್ನು ಕರಕೊಂಡು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋದೆವು. ಒಂದು ಸಾರಿಗೆ ಕೆಲಸವಾಗಲಿಲ್ಲ. ನಾಲ್ಕು ಸಾರಿ ಹೋದೆವು. ಕಡೆಗೆ ವಿಚಾರಣೆಯಾಗಿ, ಕ್ರಿಸ್ಮಸ್ಸಿಗೆ ಮುಂಚೆ ಮಗನು ಮನೆಗೆ ಬಂದನು. ಸಭೆಗೆ ಬರುತ್ತಿದ್ದ ಎರಡು ಮನೆಯವರು ನಮ್ಮ ಮೇಲೆ ಸಿಟ್ಟಾಗಿ ಇಂದಿಗೂ ದೂರವಿದ್ದಾರೆ. ಅವರಿಗಾಗಿ ಪ್ರಾರ್ಥಿಸುತ್ತೇವೆ, ಆದರೆ ಮಾಡಿದ್ದಕ್ಕೆ ಪಶ್ಚಾತ್ತಾಪಪಡುವದಿಲ್ಲ. ತಡವಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪಪಡುತ್ತೇವೆ.

ಪ್ರಿಯರೇ, ಇಂಥ ಕಾರ್ಯಗಳಲ್ಲಿ ನಿಮಗೆ ಸಹಾಯವಾಗುವ ಕೆಲವು ಸಂಗತಿಗಳನ್ನು ತಿಳಿದಿರ್ರಿ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನೂ, 23ನೆಯ ವಿಧಿಯಲ್ಲಿ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಮೇರೆಗೆ ಜೀತದ ಸಾಲವು ತೀರಿಹೋದದ್ದೇ ಸರಿ. ಅದನ್ನು ಕೊಡಬೇಕೆಂದು ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಇದನ್ನು ನಡಿಸುವ ಹೊಣೆಯು ಜಿಲ್ಲಾಧಿಕಾರಿಗಳದು ಮತ್ತು ಅವರು ನೇಮಿಸುವ ಕೆಳಗಣ ಅಧಿಕಾರಿಗಳದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಸ್ತ್ರೀಯರಿಗೂ ಮಕ್ಕಳಿಗೂ ಬಿಟ್ಟಿದುಡಿಮೆಗೆ ಸಿಕ್ಕಿದವರಿಗೂ ಖರ್ಚಿಲ್ಲದೆ ವಕೀಲರ ಸಹಾಯವು ದೊರೆಯುತ್ತದೆ; ತಾಲೂಕಿನ ನ್ಯಾಯಾಲಯದಲ್ಲಿ ವಿಚಾರಿಸಬಹುದು. ಈ ಸಹಾಯಗಳಿಗೆ ಮತದ ಭೇದವಿಲ್ಲ. ನೆರೆಹೊರೆಯ ಹಿಂದೂ, ಮುಸಲ್ಮಾನ ಸಹೋದರರು ಇಂಥ ಕಷ್ಟದಲ್ಲಿದ್ದರೆ ಅವರ ಜೊತೆಯಲ್ಲಿಯೂ ನಾವು ಕಚೇರಿಯ ಮೆಟ್ಟಿಲು ಹತ್ತಬೇಕು. ದರೋಡೆಗಾರರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನ ಮತವನ್ನು ಸಮಾರ್ಯದವನು ವಿಚಾರಿಸಲಿಲ್ಲವಷ್ಟೆ. ಪೌಲನು ಸಹ ತನ್ನನ್ನು ಕೊರಡೆಗಳಿಂದ ಹೊಡೆಯುವದಕ್ಕೆ ಕಟ್ಟಿದಾಗ ತಾನು ರೋಮಿನ ಹಕ್ಕುದಾರನೆಂದು ಹೇಳಿ ಕಾನೂನಿನ ಮರೆಹೊಕ್ಕನು. ಹಾಗಾದರೆ ಕಾನೂನಿನ ಸಹಾಯ ಕೇಳುವದು ನಂಬಿಕೆಯ ಕೊರತೆಯೆಂದು ಯಾರೂ ನೆನಸಬಾರದು.

ಕಡೆಯದಾಗಿ ಪ್ರತಿಯೊಂದು ಸಭೆಯವರನ್ನು ನಾವು ಮೂರು ಕಾರ್ಯಗಳಿಗಾಗಿ ಬೇಡಿಕೊಳ್ಳುತ್ತೇವೆ. ಬರುವ ಆದಿತ್ಯವಾರ ಆರಾಧನೆಗೆ ಬಂದವರನ್ನು ಎಣಿಸುವದರ ಜೊತೆಗೆ ಬಾರದವರನ್ನೂ ಎಣಿಸಿ, ಅವರ ಮನೆಗೆ ಹೋಗಿರಿ; ಹೋಗುವಾಗ ಕಾಣಿಕೆಯ ಪುಸ್ತಕವನ್ನು ಮನೆಯಲ್ಲಿ ಬಿಟ್ಟುಹೋಗಿರಿ. ಬಡವರ ನಿಧಿಯ ಮೇಲ್ವಿಚಾರಕರಲ್ಲಿ, ಆ ನಿಧಿಯ ಅವಶ್ಯಕತೆಯನ್ನು ಸ್ವಂತ ಅನುಭವದಿಂದ ಬಲ್ಲ ಒಬ್ಬ ಸ್ತ್ರೀಯನ್ನಾದರೂ ಕೂಡ್ರಿಸಿರಿ. ಮತ್ತು ಯಾರಿಂದಲಾದರೂ ದಾನವನ್ನು ತೆಗೆದುಕೊಳ್ಳುವದಕ್ಕೆ ಮುಂಚೆ, ಅವನು ತನ್ನ ಕೂಲಿಯವರಿಗೆ ಸರಿಯಾಗಿ ಕೂಲಿ ಕೊಡುತ್ತಾನೋ ಎಂದು ವಿಚಾರಿಸಿರಿ. ತಡೆಹಿಡಿದ ಕೂಲಿಯು ಸೇನಾಧೀಶ್ವರನಾದ ಕರ್ತನಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರಿಕೆಯಲ್ಲಿ ಓದುತ್ತೇವೆ.

ಆ ವಿಧವೆಯು ಈಗ ಪ್ರತಿ ಆದಿತ್ಯವಾರ ಎರಡನೆಯ ಸಾಲಿನಲ್ಲಿ ಮಗನ ಜೊತೆಗೆ ಕೂತುಕೊಳ್ಳುತ್ತಾಳೆ. ಕಳೆದ ಬೆಳೆಹಬ್ಬದಲ್ಲಿ ಒಂದು ಸೇರು ಜೋಳವನ್ನು ತಂದು, ಬಡವರ ನಿಧಿಗೆಂದು ಬೇರೆಯಾಗಿ ಇಟ್ಟಳು. "ಇದನ್ನ ಯಾರಿಗೆ ಕೊಡೋಣವ್ವಾ?" ಎಂದು ಕೇಳಿದ್ದಕ್ಕೆ, "ನಿಮ್ಮ ಪಟ್ಟಿಯೊಳಗ ಬಿಟ್ಟವರು ಯಾರಾದರೂ ಇರತಾರರೀ, ಹುಡುಕರಿ" ಎಂದಳು.

ಹುಡುಕೋಣ, ಪ್ರಿಯರೇ. ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟುಹೋದ ಒಳ್ಳೇ ಕುರುಬನು ನಮ್ಮ ಕಣ್ಣುಗಳನ್ನು ತೆರೆದು, ನಮ್ಮ ಕಾಲುಗಳನ್ನು ಆ ಬಾಗಿಲುಗಳ ಕಡೆಗೆ ನಡಿಸಲಿ. ಆಮೆನ್.