ಆನೆಯ ಊಟದ ಲೆಕ್ಕ ಯಾರ ಹೆಸರಿಗೆ?

ಮನುಷ್ಯರೇ ಹಸಿದಿರುವಾಗ ಕಾಡುಪ್ರಾಣಿಗಳ ರಕ್ಷಣೆಗೆ ಕಾಣಿಕೆ ಕೊಡುವುದು ಸರಿಯೇ? ವನ್ಯಜೀವಿಗಳಿಗಾಗಿ ದುಡಿಯುವ ಸೇವಾಸಂಸ್ಥೆಗಳ ಮಾತು ಬಂದಾಗ ನಮ್ಮಲ್ಲಿ ಏಳುವ ಈ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥವೂ (ಸಂಖ್ಯೆ 2418) ಎರಡು ಮಾತನ್ನು ಜೊತೆಯಲ್ಲೇ ಹೇಳುತ್ತದೆ: ಪ್ರಾಣಿಗಳನ್ನು ವೃಥಾ ಹಿಂಸಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ, ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕದ್ದಲ್ಲ.

ಆದರೆ ಕಾಡಂಚಿನಲ್ಲಿ ನಿಂತು ನೋಡಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸೀಮೆಯನ್ನೇ ತೆಗೆದುಕೊಳ್ಳಿ. ಭದ್ರಾ ಕಾಡಿನ ಕಡೆಯಿಂದ ಬರುವ ಆನೆಗೆ ತೋಟದ ಬೇಲಿ ಲೆಕ್ಕವಲ್ಲ. ಒಂದು ರಾತ್ರಿ ಬಾಳೆ, ಅಡಿಕೆ ಸಸಿ ತುಳಿದು ಹೋದರೆ ಆ ಮನೆಯ ವರ್ಷಗಳ ದುಡಿಮೆ ಮಣ್ಣುಪಾಲು. 2023ರ ಏಪ್ರಿಲ್‌ನಲ್ಲಿ ಇದೇ ತಾಲ್ಲೂಕಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಕಾಡಾನೆಗೆ ಬಲಿಯಾದಳು. ಆನೆಯನ್ನು ಹಿಡಿದು ಸಾಗಿಸಿ ಎಂದು ಕೇಳುವ ಊರಿನವರನ್ನು ಪ್ರಾಣಿದ್ವೇಷಿಗಳೆನ್ನುವುದು ಅನ್ಯಾಯ. ಪೇಟೆಯಲ್ಲಿ ಕುಳಿತು ಆನೆ ಉಳಿಯಲಿ ಎನ್ನುವುದು ಸುಲಭ. ನೆರೆಯವನ ತೋಟದ ಖರ್ಚಿನಲ್ಲಿ ನಾನು ಉದಾರಿಯಾದರೆ ಅದು ಯಾವ ಪುಣ್ಯ?

ಗುಬ್ಬಿಯೋ ಪಟ್ಟಣದ ತೋಳವನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರು ಸಾಧು ಮಾಡಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅದರ ಉಳಿದರ್ಧವನ್ನು ನಾವು ಹೇಳುವುದು ಕಡಿಮೆ. ತೋಳ ಯಾರನ್ನೂ ಕಚ್ಚಬಾರದು, ಸರಿ. ಪ್ರತಿಯಾಗಿ ಪಟ್ಟಣದವರು ದಿನವೂ ಅದಕ್ಕೆ ಊಟ ಹಾಕಬೇಕು. ಇದು ಸಂತರು ಮಾಡಿಸಿದ ಒಪ್ಪಂದ. ಊರಾಚೆಯ ಒಬ್ಬ ಕುರಿಗಾಹಿಯ ಮಂದೆಯಿಂದ ತಿಂದುಕೊಳ್ಳಲಿ ಎಂದು ಅವರು ಹೇಳಲಿಲ್ಲ. ಹೊರೆ ಎಲ್ಲರದೂ ಆಯಿತು.

ಭೂಮಿಯ ಮೊರೆ, ಬಡವರ ಮೊರೆ ಎರಡನ್ನೂ ಒಟ್ಟಿಗೆ ಕೇಳಿರೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಹೇಳಿದರು. ಅದೇ ವರ್ಷ ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ 'ವೈಲ್ಡ್ ಸೇವೆ' ಎಂಬ ಕೆಲಸ ಆರಂಭಿಸಿತು. ಬೆಳೆ ಹಾಳಾದ ರೈತ ಫೋನ್ ಮಾಡಿದರೆ ಕಾರ್ಯಕರ್ತರು ಹೊಲಕ್ಕೇ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಅರಣ್ಯ ಇಲಾಖೆಯ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ನೆರವಾಗುತ್ತಾರೆ. ರೈತನಿಂದ ಹಣ ಪಡೆಯುವುದಿಲ್ಲ. ಪರಿಹಾರ ಕೊಡುವುದು ಸರ್ಕಾರವೇ. ಕಾಗದಪತ್ರಕ್ಕೆ ಹೆದರಿ ಸುಮ್ಮನಾಗುತ್ತಿದ್ದವನ ಕೈ ಹಿಡಿಯುವುದಷ್ಟೇ ಈ ಸೇವೆ. ಇಂಥ ಕಡೆ ಕೊಟ್ಟ ಕಾಣಿಕೆ ಮನುಷ್ಯನಿಗೋ ಪ್ರಾಣಿಗೋ ಎಂದು ಬೇರ್ಪಡಿಸಲು ನನಗಂತೂ ಬರುವುದಿಲ್ಲ. ನಷ್ಟ ತುಂಬಿಕೊಂಡ ರೈತನಿಗೆ ಬೇಲಿಗೆ ಕಳ್ಳವಿದ್ಯುತ್ ಹರಿಸುವ ಯೋಚನೆ ಕಡಿಮೆಯಾದೀತು. ಮಗಳನ್ನು ಕಳೆದುಕೊಂಡ ಮನೆಗೆ ಮಾತ್ರ ಯಾವ ಅರ್ಜಿಯೂ ಸಾಲದು. ಅಲ್ಲಿ ಬೇಕಾದದ್ದು ಮೊದಲೇ ಎಚ್ಚರಿಸುವ ಕಾವಲು.

ಕಾಡಂಚಿನ ನಮ್ಮ ಧರ್ಮಕೇಂದ್ರಗಳ ಯುವಜನರೂ ಇಷ್ಟು ಮಾಡಬಹುದಲ್ಲವೇ? ಪಹಣಿ ತೆಗೆಸಿ, ಅರ್ಜಿ ತುಂಬಿ, ವಯಸ್ಸಾದ ರೈತರೊಬ್ಬರ ಜೊತೆ ಅರಣ್ಯ ಕಚೇರಿಗೆ ಹೋಗಿ ಬರುವುದು. ಅವರು ಯಾವ ಧರ್ಮದವರೆಂದು ಕೇಳಬೇಕಾಗಿಲ್ಲ. ಅಕ್ಟೋಬರ್ 4, ಸಂತ ಫ್ರಾನ್ಸಿಸರ ಹಬ್ಬದಂದು ಶುರು ಮಾಡಬಹುದು. ಆ ಹೊತ್ತಿಗೆ ಹೊಲದಲ್ಲಿ ಮೆಕ್ಕೆಜೋಳ ತೆನೆಗಟ್ಟಿರುತ್ತದೆ.